‘ಕಲಬುರಗಿ’ಯ ಹತ್ತು ವರ್ಣಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು?

ಪಿಯುಸಿ, ಸಿಇಟಿಗೆ ಓದುವವರು ಕ್ರಮಯೋಜನೆಯ (ಪರ್ಮ್ಯುಟೇಶನ್, ಸಾಲಾಗಿ ಜೋಡಿಸುವ ಬಗೆಗಳ ಎಣಿಕೆ) ಲೆಕ್ಕದಲ್ಲಿ ಸೂತ್ರಕ್ಕೆ ಕೈಹಾಕುವ ಮೊದಲು ವರ್ಣಗಳನ್ನು ಬಿಡಿಸಿ ಬರೆಯಬೇಕು. ಕಲಬುರಗಿ ಎಂದರೆ ಕ್, ಅ, ಲ್, ಅ, ಬ್, ಉ, ರ್, ಅ, ಗ್, ಇ. ಒಟ್ಟು 10. ‘ಅ’ ಮೂರು ಸಲ ಬಂದಿದೆ, ಉಳಿದ 7 ಒಂದೊಂದೇ ಸಲ. ಜೋಡಣೆಗೆ ಅರ್ಥ ಇರಬೇಕೆಂದೇನಿಲ್ಲ.

ಹತ್ತೂ ಬೇರೆಬೇರೆ ಆಗಿದ್ದರೆ 10! (ಅಂದರೆ 10 × 9 × 8 ಹೀಗೆ 1ರವರೆಗಿನ ಗುಣಲಬ್ಧ) ಬರುತ್ತಿತ್ತು. ಆದರೆ ಮೂರು ‘ಅ’ಗಳನ್ನು ತಮ್ಮತಮ್ಮಲ್ಲೇ ಅದಲುಬದಲು ಮಾಡಿದ 3! = 6 ಬಗೆಗಳೂ ಕಣ್ಣಿಗೆ ಒಂದೇ. ಆದ್ದರಿಂದ 10!/3! = 6,04,800. ಯಾದಗಿರಿಯಲ್ಲಿ 8 ವರ್ಣ, ‘ಇ’ ಎರಡು: 8!/2! = 20,160. ಬೀದರ್ ಸಲೀಸು, ಐದೂ ಬೇರೆ, 120.

ಎರಡು ‘ಅ’ಗಳು ಅಕ್ಕಪಕ್ಕ ಬರಲೇಬಾರದು ಎಂದಾಗ ಬಹಳ ಮಂದಿ ಜಾರುತ್ತಾರೆ. ಮೂರನ್ನೂ ಒಂದು ಗಂಟು ಕಟ್ಟಿ 8! = 40,320 ತೆಗೆದು, ಒಟ್ಟಿನಿಂದ ಕಳೆದು 5,64,480 ಎಂದು ಬರೆಯುತ್ತಾರೆ. ಅದು ತಪ್ಪು. ಎರಡು ‘ಅ’ ಒಟ್ಟಿಗಿದ್ದು ಮೂರನೆಯದು ದೂರ ಇರುವ ಜೋಡಣೆಗಳು ಅದರೊಳಗೇ ಉಳಿದಿರುತ್ತವೆ. ಹೀಗೆ ಮಾಡಿ: ‘ಅ’ ಬಿಟ್ಟು ಉಳಿದ 7 ವರ್ಣಗಳನ್ನು ಮೊದಲು ನಿಲ್ಲಿಸಿ, 7! = 5,040. ಅವುಗಳ ನಡುವೆ 6, ಎರಡು ತುದಿಗೆ 2, ಒಟ್ಟು 8 ಸಂದು. ಅದರಲ್ಲಿ 3 ಸಂದು ಆರಿಸಲು (8 × 7 × 6)/3! = 56 ದಾರಿ. 5,040 × 56 = 2,82,240. ತಾಳೆ ನೋಡಲೂ ಬರುತ್ತದೆ: ಸರಿಯಾಗಿ ಎರಡೇ ‘ಅ’ ಒಟ್ಟಿಗಿರುವವು (ಜೋಡಿಗೆ 8 ಸಂದು, ಒಂಟಿ ‘ಅ’ಗೆ ಉಳಿದ 7) 5,040 × 8 × 7 = 2,82,240. ಈ ಎರಡಕ್ಕೆ 40,320 ಕೂಡಿಸಿದರೆ 6,04,800 ಪೂರ್ತಿ ಸಿಗಬೇಕು, ಸಿಗುತ್ತದೆ.

ಸ್ವರಗಳೆಲ್ಲ ಒಟ್ಟಿಗೆ ಇರಬೇಕೆಂದರೆ ಐದು ವ್ಯಂಜನ, ಒಂದು ಸ್ವರದ ಗಂಟು: 6!. ಗಂಟಿನೊಳಗೆ 5!/3! = 20. ಗುಣಿಸಿದರೆ 14,400.

ನಾಲ್ಕೇ ವರ್ಣ ಆರಿಸಿ ಜೋಡಿಸಲು ಕೇಳಿದರೆ ಇನ್ನೂ ಎಚ್ಚರ ಬೇಕು. 10 × 9 × 8 × 7 = 5,040 ಅನ್ನು 3!ರಿಂದ ಭಾಗಿಸಿ 840 ಎನ್ನುವಂತಿಲ್ಲ, ಏಕೆಂದರೆ ಎಲ್ಲ ಜೋಡಣೆಯಲ್ಲೂ ಮೂರು ‘ಅ’ ಇರುವುದಿಲ್ಲ. ‘ಅ’ ಎಷ್ಟು ಸಲ ಬಂದಿದೆ ಎಂಬುದರ ಮೇಲೆ ವಿಂಗಡಿಸಿ. ನಾಲ್ಕೂ ಬೇರೆಯಾದರೆ, ವರ್ಣಗಳ ಬಗೆ 8 ಇರುವುದರಿಂದ, 8 × 7 × 6 × 5 = 1,680. ಎರಡು ‘ಅ’, ಬೇರೆ ಎರಡು: ಆ ಎರಡನ್ನು ಆರಿಸಲು 21 ದಾರಿ, ಜೋಡಿಸಲು 4!/2! = 12, ಒಟ್ಟು 252. ಮೂರು ‘ಅ’, ಬೇರೆ ಒಂದು: 7 × 4 = 28. ಮೂರನ್ನೂ ಕೂಡಿಸಿದರೆ 1,960.