ಮ್ಯೆ ಫ್ವಾಮೆ, ನನಗೆ ಹಸಿವು: ಕ್ಲುಜ್‌ನಲ್ಲಿ ರೊಮೇನಿಯನ್ ಕಲಿತ ಬಗೆ

ರೊಮೇನಿಯಾದ ಕ್ಲುಜ್ ನಗರಕ್ಕೆ ಐಟಿ ಕೆಲಸಕ್ಕೆ ಬರುವವರಿಗೆ ರೊಮೇನಿಯನ್ ಬೇಕೇ ಬೇಕು ಅಂತೇನಿಲ್ಲ. ಆಫೀಸಿನಲ್ಲಿ ಎಲ್ಲವೂ ಇಂಗ್ಲಿಷ್. ಊರಿನ ಹುಡುಗ ಹುಡುಗಿಯರು ನನಗಿಂತ ಸಲೀಸಾಗಿ ಇಂಗ್ಲಿಷ್ ಮಾತಾಡುತ್ತಾರೆ. ಆದರೆ ಬಾಯ್ಲರ್ ರಿಪೇರಿಗೆ ಬರುವವರು, ಸಂತೆಯಲ್ಲಿ ಟೊಮೆಟೊ ಮಾರುವ ಹೆಂಗಸರು, ನೆಲಮಹಡಿಯಲ್ಲಿರುವ ಅಜ್ಜಿ ಇವರ್ಯಾರಿಗೂ ಇಂಗ್ಲಿಷ್ ಬರುವುದಿಲ್ಲ. ಎಷ್ಟು ದಿನ ಅಂತ ಕೈಸನ್ನೆ ಮಾಡುವುದು? ಹಾಗಾಗಿ ಕಲಿಯಲು ಕೂತೆ.

ಬೆಂಗಳೂರಿನಲ್ಲಿದ್ದಾಗ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಫ್ರೆಂಚ್ ಕಲಿತಿದ್ದೆ. "ಎರಡೂ ಲ್ಯಾಟಿನ್ ಮಕ್ಕಳು, ಫ್ರೆಂಚ್ ಬಂದರೆ ಇದೂ ತಾನಾಗಿ ಬರುತ್ತೆ" ಎಂದು ಎಲ್ಲರೂ ಹೇಳಿದರು. ಅದು ಅರ್ಧ ನಿಜ. ಪದಗಳ ಮಟ್ಟಿಗೆ ಫ್ರೆಂಚ್ ತುಂಬಾ ನೆರವಾಯಿತು. ವಾಕ್ಯ ಕಟ್ಟಲು ಕೂತಾಗ ಮಾತ್ರ ಹೆಚ್ಚು ಕೆಲಸಕ್ಕೆ ಬಂದದ್ದು ಕನ್ನಡ. ಕನ್ನಡಕ್ಕೂ ರೊಮೇನಿಯನ್‌ಗೂ ಯಾವ ನಂಟೂ ಇಲ್ಲ, ಅದು ಗೊತ್ತು. ಆದರೂ ಕಲಿಯುವವರಿಗೆ ಯಾವುದು ಉಪಯೋಗಕ್ಕೆ ಬರುತ್ತದೋ ಅದೇ ಮುಖ್ಯ ಅಲ್ವಾ?

ನನ್ನ ಮೊದಲ ಪಠ್ಯಪುಸ್ತಕ ಕಟ್ಟಡದ ಬಾಗಿಲ ಬಳಿ ಅಂಟಿಸಿದ ಹಾಳೆ. ನಾನಿರುವುದು ಮನಷ್ಟೂರ್ ಬಡಾವಣೆಯಲ್ಲಿ. ಕಮ್ಯುನಿಸ್ಟರ ಕಾಲದಲ್ಲಿ ಸಾಲಾಗಿ ಎಬ್ಬಿಸಿದ ಬ್ಲಾಕ್‌ಗಳು. ಪ್ರತಿ ತಿಂಗಳು ಮೆಟ್ಟಿಲ ಬುಡದಲ್ಲಿ ನಿರ್ವಹಣೆ ಖರ್ಚಿನ ಪಟ್ಟಿ ಬೀಳುತ್ತದೆ. ಅದಕ್ಕೆ ಇಂತ್ರೆತ್ಸಿನೆರೆ ಅನ್ನುತ್ತಾರೆ. ಅಡ್ಡಸಾಲಿನಲ್ಲಿ ಮನೆ ನಂಬರ್, ಎಷ್ಟು ಜನ, ಆಮೇಲೆ ಒಂದೊಂದೇ ಕಾಲಂ. ಆಪ ರೇಚೆ ಅಂದರೆ ತಣ್ಣೀರು. ಆಪ ಕಾಲ್ದ ಅಂದರೆ ಬಿಸಿನೀರು. ಗುನೋಯ್ ಅಂದರೆ ಕಸ. ಸ್ಕಾರ ಅಂದರೆ ಮೆಟ್ಟಿಲು. ಲಿಫ್ಟ್ ಲಿಫ್ಟೇ. ಯಾರ ಮನೆಯದು ಎಷ್ಟು ಬಾಕಿ ಅನ್ನುವುದೂ ಅಲ್ಲೇ ಬರೆದಿರುತ್ತದೆ, ಮರ್ಯಾದೆ ಪ್ರಶ್ನೆ!

ಆ ಹಾಳೆಯನ್ನು ಫೋಟೊ ತೆಗೆದುಕೊಂಡು ಮನೆಯಲ್ಲಿ ಕೂತು ಬಿಡಿಸಿದೆ. ಆಗಲೇ ಈ ಭಾಷೆಯ ಜಾತಕ ಕಂಡದ್ದು. ಆಪ, ಕಾಲ್ದ, ರೇಚೆ, ಸ್ಕಾರ ನೇರ ಲ್ಯಾಟಿನ್‌ನಿಂದ ಇಳಿದು ಬಂದವು. ಗುನೋಯ್ ಸ್ಲಾವಿಕ್, ಅಂದರೆ ರಷ್ಯನ್, ಬಲ್ಗೇರಿಯನ್ ಬಳಗದ್ದು. ಅಪಾರ್ತಮೆಂತ್ ಫ್ರೆಂಚ್ ಕೊಟ್ಟದ್ದು. ಲಿಫ್ಟ್ ಇಂಗ್ಲಿಷಿನದು. ಒಂದೇ ಹಾಳೆಯಲ್ಲಿ ಸುಮಾರು ಎರಡು ಸಾವಿರ ವರ್ಷ.

ಇದು ಹೇಗಾಯಿತು ಅಂದರೆ, ಕ್ರಿ.ಶ. 106ರಲ್ಲಿ ರೋಮ್ ಚಕ್ರವರ್ತಿ ಟ್ರೇಜನ್ ಈಗಿನ ರೊಮೇನಿಯಾದ ಕಡೆಯ ಡೇಸಿಯಾವನ್ನು ಗೆದ್ದ. 270ರ ದಶಕದಲ್ಲಿ ಚಕ್ರವರ್ತಿ ಅರೇಲಿಯನ್ ತನ್ನ ಸೈನ್ಯವನ್ನೂ ಆಡಳಿತವನ್ನೂ ಡ್ಯಾನ್ಯೂಬ್ ನದಿಯ ಆಚೆಗೆ ಹಿಂದಕ್ಕೆ ಕರೆಸಿಕೊಂಡ. ರೋಮ್ ಹೋಯಿತು, ಲ್ಯಾಟಿನ್ ಉಳಿಯಿತು. ಅದು ನದಿಯ ಉತ್ತರಕ್ಕೆ ಉಳಿಯಿತೋ ದಕ್ಷಿಣಕ್ಕೋ ಎಂದು ರೊಮೇನಿಯನ್ನರಿಗೂ ಹಂಗೇರಿಯನ್ನರಿಗೂ ನಡೆಯುವ ಜಗಳಕ್ಕೆ ನಾನು ಕೈಹಾಕುವುದಿಲ್ಲ. ಕ್ಲುಜ್‌ನಲ್ಲಿ ನನಗೆ ರೊಮೇನಿಯನ್ ಗೆಳೆಯರೂ ಇದ್ದಾರೆ, ಹಂಗೇರಿಯನ್ ಗೆಳೆಯರೂ ಇದ್ದಾರೆ. ಇಬ್ಬರ ಜೊತೆಗೂ ಊಟ ಮಾಡಬೇಕು.

ಆಮೇಲೆ ಸುತ್ತ ಸ್ಲಾವರು ಬಂದರು. ಚರ್ಚಿನ ಭಾಷೆ ಸ್ಲಾವಿಕ್ ಆಯಿತು, ಲಿಪಿಯೂ ಸಿರಿಲಿಕ್ (ಈಗ ರಷ್ಯನ್ ಬರೆಯುವ ಲಿಪಿಯ ಬಗೆ) ಆಯಿತು. ಕ್ಲುಜ್ ಇರುವ ಪ್ರಾಂತ್ಯವಾದ ಟ್ರಾನ್ಸಿಲ್ವೇನಿಯಾದ ಪಂಡಿತರಾದ ಸಮುಯಿಲ್ ಮಿಕು ಮತ್ತು ಗ್ಯೋರ್ಗೆ ಶಿಂಕಾಯ್ 1780ರಲ್ಲಿ ವಿಯೆನ್ನಾದಲ್ಲಿ ಅಚ್ಚು ಹಾಕಿಸಿದ ವ್ಯಾಕರಣದಲ್ಲಿ ತಮ್ಮ ಭಾಷೆಯನ್ನು ಲ್ಯಾಟಿನ್ ಅಕ್ಷರಗಳಲ್ಲಿ ಬರೆದು ತೋರಿಸಿದರು. ಸರ್ಕಾರ ಸಿರಿಲಿಕ್ ಬಿಟ್ಟದ್ದು 1860ರ ದಶಕದ ಆರಂಭದಲ್ಲಿ. ಅದೇ 19ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಓದಿ ಬಂದವರು ಫ್ರೆಂಚ್ ಪದಗಳನ್ನು ಹೊತ್ತು ತಂದರು. ಬಿರೋವ್, ತ್ರೊತುವಾರ್, ಮೆರ್ಸಿ ಇವೆಲ್ಲ ಆ ದಾರಿಯಲ್ಲಿ ಬಂದವು. ನನ್ನ ಫ್ರೆಂಚ್ ಹೊಂದಿದ್ದು ಹೆಚ್ಚಾಗಿ ಈ ಪದರಕ್ಕೆ. ಪೇಪರ್ ಓದುವಾಗ ಸುಲಭ, ಅಡುಗೆಮನೆಯಲ್ಲಿ ಕಷ್ಟ.

ಅಡುಗೆಮನೆಯ ಪದಗಳಿಗೆ ಇಟಾಲಿಯನ್ ಜಾಸ್ತಿ ಉಪಯೋಗ. ನಾನು ಕಂಡುಕೊಂಡ ಒಂದು ಉಪಾಯ ಹೇಳುತ್ತೇನೆ. ಇಟಾಲಿಯನ್‌ನಲ್ಲಿ "ತ್ತ" ಇರುವ ಎಷ್ಟೋ ಕಡೆ ಇಲ್ಲಿ "ಪ್ತ" ಬರುತ್ತದೆ. ರಾತ್ರಿ ಅಲ್ಲಿ ನೊತ್ತೆ, ಇಲ್ಲಿ ನ್ವಾಪ್ತೆ. ಎಂಟು ಒತ್ತೊ, ಇಲ್ಲಿ ಓಪ್ತ್. ಹಾಲು ಲಾತ್ತೆ, ಇಲ್ಲಿ ಲಾಪ್ತೆ. ಎಲ್ಲಾ ಪದಕ್ಕೂ ನಡೆಯಲ್ಲ, ಬೆಕ್ಕಿಗೆ ಈ ಸೂತ್ರ ಹಾಕಿದರೆ ಕೈಕೊಡುತ್ತದೆ. ಆದರೂ ನೆನಪಿಡಲು ಒಳ್ಳೆಯ ಹಿಡಿ.

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ. ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್ ಮೂರರಲ್ಲೂ "ಆ ಮನೆ" ಅನ್ನಲು ಪದದ ಮುಂದೆ ಒಂದು ತುಣುಕು ಬರುತ್ತದೆ. ರೊಮೇನಿಯನ್‌ನಲ್ಲಿ ಅದು ಬಾಲಕ್ಕೆ ಅಂಟುತ್ತದೆ. ಕಾಸ ಅಂದರೆ ಮನೆ. ಕಾಸಾ ಅಂದರೆ ಆ ಮನೆ. ಲುಪ್ ತೋಳ, ಲುಪುಲ್ ಆ ತೋಳ. ಅಕ್ಕಪಕ್ಕದ ಬಲ್ಗೇರಿಯನ್, ಅಲ್ಬೇನಿಯನ್ ಭಾಷೆಗಳಲ್ಲೂ ಹೀಗೇ. ಕಾಸ, ಕಾಸಾ ನಡುವಿನ ವ್ಯತ್ಯಾಸ ನನ್ನ ಜೊತೆ ಕಲಿಯುತ್ತಿದ್ದ ಸ್ಪೇನ್‌ನವನ ಕಿವಿಗೆ ಬೀಳುತ್ತಲೇ ಇರಲಿಲ್ಲ. ನನಗೆ ಅದು ಸುಮ್ನೆ ಅ ಮತ್ತು ಆ. ಇನ್ನೊಂದು ಸ್ವರ ಇದೆ, ಇ ಮತ್ತು ಉ ನಡುವೆ ತುಟಿ ದುಂಡಗೆ ಮಾಡದೆ ಹೇಳುವುದು. ಅದನ್ನು ಎರಡು ಬೇರೆ ಅಕ್ಷರಗಳಲ್ಲಿ ಬರೆಯುತ್ತಾರೆ, ಯಾಕೆ ಅಂತ ಕೇಳಿದರೆ ದೊಡ್ಡ ಕತೆ. ನಮ್ಮ ದಕ್ಷಿಣ ಕನ್ನಡದವರಿಗೆ ಅದೂ ಹೊಸದಲ್ಲ. ತುಳು ಪದಗಳ ಕೊನೆಯಲ್ಲಿ ಬರುವ ಅರೆ ಉಕಾರಕ್ಕೆ ತೀರಾ ಹತ್ತಿರ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಹಸಿವು. ಫ್ರೆಂಚ್‌ನಲ್ಲಿ "ನಾನು ಹಸಿವನ್ನು ಹೊಂದಿದ್ದೇನೆ" ಎಂಬಂತೆ ಹೇಳುತ್ತಾರೆ. ಇಟಾಲಿಯನ್, ಸ್ಪ್ಯಾನಿಷ್‌ನಲ್ಲೂ ಹಾಗೇ. ರೊಮೇನಿಯನ್‌ನಲ್ಲಿ ಮ್ಯೆ ಫ್ವಾಮೆ, ಅಂದರೆ "ನನಗೆ ಹಸಿವು". ಮ್ಯೆ ಸೇತೆ, ನನಗೆ ಬಾಯಾರಿಕೆ. ಮ್ಯೆ ಸೋಮ್ನ್, ನನಗೆ ನಿದ್ದೆ. ಮ್ಯೆ ಫ್ರಿಗ್, ನನಗೆ ಚಳಿ. ಮ್ಯೆ ಫ್ರಿಕ, ನನಗೆ ಭಯ. ಊರು ನೆನಪಾಗಿ ಸಂಕಟವಾದರೆ ಮ್ಯೆ ದೋರ್. ಇವನ್ನು ನಾನು ಬಾಯಿಪಾಠ ಮಾಡಲೇ ಇಲ್ಲ. ಕನ್ನಡದಲ್ಲಿ ಯೋಚಿಸಿ ಪದ ಬದಲಿಸಿದರೆ ಮುಗಿಯಿತು. ಆದರೆ ಇದನ್ನೇ ನಂಬಿ ಮುಂದೆ ಹೋಗಬಾರದು. "ನನಗೆ ಗೊತ್ತು", "ನನಗೆ ಮೂವತ್ತು ವರ್ಷ" ಇಲ್ಲಿ ನಡೆಯುವುದಿಲ್ಲ. ವಯಸ್ಸಿನ ವಿಷಯದಲ್ಲಿ ಇವರೂ ಫ್ರೆಂಚರ ಹಾಗೆ "ಹೊಂದಿರುತ್ತಾರೆ".

ಇನ್ನೊಂದು ಸಣ್ಣ ಸಂಗತಿ. ಕನ್ನಡದಲ್ಲಿ "ಮನೆ ನೋಡಿದೆ" ಅಂದರೆ ಸಾಕು, "ಅನ್ನು" ಬೇಕಿಲ್ಲ. ಮನುಷ್ಯರಾದರೆ "ಮರಿಯಾಳನ್ನು ನೋಡಿದೆ" ಅನ್ನಲೇಬೇಕು. ರೊಮೇನಿಯನ್‌ನಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಮನೆಯಾದರೆ ವದ್ ಕಾಸಾ, ಮನೆ ನೋಡುತ್ತೇನೆ. ಮರಿಯಾ ಆದರೆ ಓ ವದ್ ಪೆ ಮರಿಯಾ, ಮರಿಯಾಳನ್ನು ನೋಡುತ್ತೇನೆ. ಆ "ಪೆ" ಹೆಸರಿಗಿಂತ ಮೊದಲು ಬರುತ್ತದೆ, ನಮ್ಮ "ಅನ್ನು" ಹೆಸರಾದ ಮೇಲೆ. ಸ್ಪ್ಯಾನಿಷ್ ಕಲಿತವರಿಗೂ ಇದು ಪರಿಚಿತ, ಫ್ರೆಂಚ್ ಮಾತ್ರ ಗೊತ್ತಿದ್ದವರು ತಡಕಾಡುತ್ತಾರೆ.

ಯಾವ ಭಾಷೆಯೂ ನೆರವಿಗೆ ಬಾರದೆ ನಿಜವಾಗಿ ಬೆವರು ಹರಿಸಿದ್ದು ಬಹುವಚನಕ್ಕೆ. ಪುಸ್ತಕ ಕಾರ್ತೆ, ಪುಸ್ತಕಗಳು ಕರ್ತ್ಸ್. ಬೀದಿ ಸ್ತ್ರಾದ, ಬೀದಿಗಳು ಸ್ತ್ರಜ಼್. ಮನುಷ್ಯ ಓಮ್, ಮನುಷ್ಯರು ವಾಮೆನ್. ಬಾಲ ಬದಲಾದರೆ ಹೊಟ್ಟೆಯೊಳಗಿನ ಸ್ವರವೂ ಬದಲಾಗುತ್ತದೆ. ಜೊತೆಗೆ ನಪುಂಸಕ ಲಿಂಗ ಬೇರೆ. ಒಂದಿದ್ದಾಗ ಅದು ಪುಲ್ಲಿಂಗ, ಎರಡಾದರೆ ಸ್ತ್ರೀಲಿಂಗ! ಮಿಹಾಯ್ ವಿತ್ಯಾಜ಼ುಲ್ ಚೌಕದ ಸಂತೆಯಲ್ಲಿ ಇದು ದಿನಾ ಎದುರಾಗುತ್ತದೆ. ಉನ್ ಮರ್ ಒಂದು ಸೇಬು, ದೋವ ಮೇರೆ ಎರಡು ಸೇಬು. ಉನ್ ಓವ್ ಒಂದು ಮೊಟ್ಟೆ, ದೋವ ಓವ ಎರಡು ಮೊಟ್ಟೆ. ನಾನು ನಿಯಮ ಓದುವುದನ್ನು ಬಿಟ್ಟೆ. ಯಾವುದೇ ಪದವನ್ನು ಪುಸ್ತಕದಲ್ಲಿ ಬರೆದುಕೊಳ್ಳುವಾಗ "ಒಂದು", "ಎರಡು", "ಆ" ಮೂರೂ ಹಚ್ಚಿ ಬರೆದುಕೊಂಡೆ. ಸಂತೆಯಲ್ಲಿ ಬೇಕಂತಲೇ ಎಲ್ಲವನ್ನೂ ಎರಡೆರಡು ಕೇಳಿದೆ. ಫ್ರಿಜ್ ತುಂಬಿತು, ಬಹುವಚನವೂ ಬಂತು.

ಸಂಖ್ಯೆಗಳಿಗೂ ಸಂತೆಯೇ ಶಾಲೆ. ಪುಸ್ತಕದಲ್ಲಿ ಹದಿನೈದು ಅಂದರೆ ಚಿಂಚ್‌ಸ್ಪ್ರೆಜ಼ೇಚೆ, "ಹತ್ತರ ಮೇಲೆ ಐದು". ಪದಗಳು ಲ್ಯಾಟಿನ್, ಜೋಡಿಸಿದ ರೀತಿ ಸ್ಲಾವಿಕ್. ಆದರೆ ಅಂಗಡಿಯವರ ಬಾಯಲ್ಲಿ ಅದು ಬರೀ ಚಿನ್ಶ್‌ಪೆ. ಹತ್ತೊಂಬತ್ತರವರೆಗೆ ಸಂಖ್ಯೆ ಆದಮೇಲೆ ನೇರ "ಲೇಯ್", ಅಂದರೆ ಇಲ್ಲಿನ ದುಡ್ಡು. ಇಪ್ಪತ್ತರಿಂದ ನಡುವೆ "ದೆ" ಸೇರಬೇಕು. ಇದನ್ನು ಬಿಟ್ಟರೂ ಅರ್ಥವಾಗುತ್ತದೆ, ಆದರೆ ಹೊರಗಿನವರು ಅಂತ ತಕ್ಷಣ ಗೊತ್ತಾಗುತ್ತದೆ.

"ಹೋಗಬೇಕು" ಅನ್ನುವುದೂ ಹೊಸದಾಗಿ ಕಲಿಯಬೇಕಾಯಿತು. ಇಟಾಲಿಯನ್‌ನಲ್ಲಿ "ಬೇಕು" ಮುಂದೆ "ಹೋಗು" ಎಂಬ ಒಂದೇ ರೂಪ ಸಾಕು. ಇಲ್ಲಿ ವ್ರ್ಯಾವ್ ಸ ಮೆರ್ಗ್, ಅಂದರೆ ಎರಡೂ ಕ್ರಿಯಾಪದ ಆಳಿಗೆ ತಕ್ಕಂತೆ ಬದಲಾಗುತ್ತವೆ. ಅವಳಾದರೆ ವ್ರ್ಯಾ ಸ ಮ್ಯಾರ್ಗ. ಗ್ರೀಕ್, ಬಲ್ಗೇರಿಯನ್ ಭಾಷೆಗಳೂ ಹೀಗೇ ಮಾಡುತ್ತವೆ. ಹುಟ್ಟು ಲ್ಯಾಟಿನ್ ಮನೆಯಲ್ಲಿ, ಬೆಳೆದದ್ದು ಬಾಲ್ಕನ್ ಕೇರಿಯಲ್ಲಿ.

ಕಿವಿಗೆ ತರಬೇತಿ ಸಿಕ್ಕಿದ್ದು ಟೀವಿಯಿಂದ. ಇಲ್ಲಿ ಮಕ್ಕಳ ಸಿನಿಮಾ ಬಿಟ್ಟರೆ ಹೊರಗಿನ ಸಿನಿಮಾಗಳಿಗೆ ಡಬ್ಬಿಂಗ್ ಇಲ್ಲ, ಸಬ್‌ಟೈಟಲ್ ಮಾತ್ರ. ಟೆಲಿನೊವೆಲಾ, ಅಂದರೆ ಸ್ಪ್ಯಾನಿಷ್ ಧಾರಾವಾಹಿ, ನೋಡಿ ನೋಡಿ ಸ್ಪ್ಯಾನಿಷ್ ಕಲಿತ ಗೃಹಿಣಿಯರು ಇಲ್ಲಿ ಬೇಕಾದಷ್ಟಿದ್ದಾರೆ. ನಾನು ಅದನ್ನೇ ತಿರುಗಿಸಿದೆ, ಇಂಗ್ಲಿಷ್ ಸಿನಿಮಾ ನೋಡುತ್ತಾ ಕೆಳಗಿನ ರೊಮೇನಿಯನ್ ಸಾಲನ್ನು ಜೋರಾಗಿ ಓದಿದೆ. ಕ್ಲುಜ್‌ನವರು ನಿಧಾನ ಮಾತಾಡುತ್ತಾರೆ ಅಂತ ಬುಕಾರೆಸ್ಟ್‌ನವರು ತಮಾಷೆ ಮಾಡುತ್ತಾರೆ. ಕಲಿಯುವವರಿಗೆ ಅದು ವರ. ಇಲ್ಲಿನವರು ಮಾತಿಗೆ ಮುಂಚೆ "ನೊ" ಅನ್ನುತ್ತಾರೆ. ಅದು ಇಂಗ್ಲಿಷಿನ ನೋ ಅಲ್ಲ, ನಮ್ಮ "ಸರಿ ಮತ್ತೆ" ಇದ್ದ ಹಾಗೆ. ಲುಪುಲ್‌ನ ಕೊನೆಯ ಲ್ ಮಾತಿನಲ್ಲಿ ಸಾಮಾನ್ಯವಾಗಿ ಬಿದ್ದೇ ಹೋಗುತ್ತದೆ. ಅದಕ್ಕಾಗಿ ಕಾಯುತ್ತಾ ಕೂರಬೇಡಿ.

ಮರ್ಯಾದೆಯ ವಿಷಯದಲ್ಲಿ ಮತ್ತೆ ಕನ್ನಡ ಕೈಗೆ ಬಂತು. "ನೀನು"ಗೆ ತು, "ನೀವು"ಗೆ ದುಮ್ನ್ಯಾವ್ವಾಸ್ತ್ರ. ಇವೆರಡರ ನಡುವೆ ದುಮ್ನ್ಯಾತಾ ಅಂತ ಇನ್ನೊಂದಿದೆ. ಎದುರಿಗಿಲ್ಲದವರ ಬಗ್ಗೆ ಗೌರವದಿಂದ "ಅವರು" ಅನ್ನಲೂ ಬೇರೆ ಪದವಿದೆ, ಫ್ರೆಂಚ್‌ನಲ್ಲಿ ಅದಿಲ್ಲ. ನೆಲಮಹಡಿಯ ಅಜ್ಜಿಗೆ ನಾನು ಸರುಮಿನಾ ಅನ್ನುತ್ತೇನೆ, "ಕೈಗೆ ಮುತ್ತಿಡುತ್ತೇನೆ" ಅಂತ. ಹಿರಿಯ ಹೆಂಗಸರಿಗೆ ಇಲ್ಲಿ ಅದೇ ನಮಸ್ಕಾರ. ಅವರು ನನ್ನನ್ನು ದುಮ್ನ್ಯಾತಾ ಅಂತ ಕರೆಯುತ್ತಾರೆ.

ಈ ದುಮ್ನ್ಯಾತಾ ಮೊದಲು ದೊಮ್ನಿಯಾ ತಾ ಆಗಿತ್ತು, ಅಂದರೆ "ನಿನ್ನ ಒಡೆತನ". ನಮ್ಮ "ತಮ್ಮ ಸನ್ನಿಧಾನ" ಇದ್ದ ಹಾಗೆ. ಅದರ ಹಳೆಯ ರೂಪ ನನಗೆ ಸಿಕ್ಕಿದ್ದು 1521ರ ಒಂದು ಕಾಗದದಲ್ಲಿ. ಕಾಲ ಗೊತ್ತಿರುವ ರೊಮೇನಿಯನ್ ಬರಹಗಳಲ್ಲಿ ಇಂದಿಗೆ ಉಳಿದಿರುವ ಅತಿ ಹಳೆಯದು ಅದು. ಕಿಂಪುಲುಂಗ್‌ನ ನ್ಯಾಕ್ಶು ಎಂಬಾತ ಬ್ರಶೋವ್ ನಗರದ ಮುಖ್ಯಸ್ಥನಿಗೆ ತುರ್ಕರ ಸೈನ್ಯ ಬರುತ್ತಿದೆ ಎಂದು ಎಚ್ಚರಿಸಿ ಬರೆದದ್ದು. ಲಿಪಿ ಸಿರಿಲಿಕ್, ಶುರುವಿನ ಒಕ್ಕಣೆ ಸ್ಲಾವಿಕ್. ಆಮೇಲೆ ಬರುತ್ತದೆ: ದಾವ್ ಶ್ತಿರೆ ದೊಮ್ನಿಯೆ ತಾಲೆ, ತಮಗೆ ಸುದ್ದಿ ಕೊಡುತ್ತೇನೆ. ಜ಼ಾ ಲುಕ್ರುಲ್ ತುರ್ಚಿಲೊರ್, ತುರ್ಕರ ಕೆಲಸದ ಬಗ್ಗೆ. ಲುಕ್ರುಲ್‌ನಲ್ಲಿ ಬಾಲಕ್ಕೆ ಅಂಟಿದ "ಆ" ಇದೆ. ತುರ್ಚಿಲೊರ್‌ನಲ್ಲಿ ನಮ್ಮ ಷಷ್ಠಿಯ ಕೆಲಸ ಮಾಡುವ ಪ್ರತ್ಯಯ ಇದೆ. "ಬಗ್ಗೆ" ಅನ್ನುವ ಜ಼ಾ ಮಾತ್ರ ಸ್ಲಾವಿಕ್. ಲ್ಯಾಟಿನ್ ಲಿಪಿಗೆ ಇಳಿಸಿದ ಪ್ರತಿ ಸುಲಭವಾಗಿ ಸಿಗುತ್ತದೆ. ಬಹುವಚನದ ಬೆಟ್ಟ ಹತ್ತಿಳಿದವರು ಆ ಒಕ್ಕಣೆ ದಾಟಿ ಓದಲು ಶುರುಮಾಡಿ. ನಡುನಡುವೆ ಹಳೆಯ ಪದಗಳು ಅಡ್ಡ ಬಂದರೂ, ನಿಘಂಟು ಪಕ್ಕಕ್ಕಿಟ್ಟು ಅರ್ಧಕ್ಕಿಂತ ಜಾಸ್ತಿ ಓದಬಹುದು.