ಡನೀಡಿನ್ ಕಡಲಂಚಿನಲ್ಲಿ ಬಾಡಿಗೆಯ ಕ್ಯಾಂಪರ್‌ವ್ಯಾನು: ನನ್ನ ಅನುಭವ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಆಗ್ನೇಯ ಕರಾವಳಿಯಲ್ಲಿರುವ ಡನೀಡಿನ್ ನಗರಕ್ಕೆ ಫೆಬ್ರವರಿಯಲ್ಲಿ ಹೋಗುವುದೆಂದು ನಾನೂ ನನ್ನ ಪತ್ನಿಯೂ ನಿರ್ಧರಿಸಿದಾಗ ಮೊದಲು ಹುಡುಕಿದ್ದು ಹೋಟೆಲನ್ನೇ. ಆದರೆ ನಮ್ಮನ್ನು ಅಲ್ಲಿಗೆ ಸೆಳೆದಿದ್ದು ಊರಿನ ಸುತ್ತಲಿನ ಕಡಲತೀರ. ಅಲ್ಲಿ ಪೆಂಗ್ವಿನ್‌ಗಳು ದಡಕ್ಕೆ ಬರುವುದು ಇಳಿಹೊತ್ತಿನಲ್ಲಿ, ಅಲ್ಬಟ್ರಾಸ್ ಹಕ್ಕಿಗಳು ಚೆನ್ನಾಗಿ ಹಾರುವುದು ಗಾಳಿ ಎದ್ದಾಗ, ಮೋಯೆರಾಕಿಯ ಗುಂಡುಕಲ್ಲುಗಳು ಬುಡಸಹಿತ ಕಾಣುವುದು ಸಮುದ್ರ ಇಳಿತದಲ್ಲಿದ್ದಾಗ. ಇವುಗಳಲ್ಲಿ ಯಾವುದೂ ಹೋಟೆಲಿನ ತಿಂಡಿ, ಊಟದ ವೇಳೆಗೆ ಹೊಂದಿಕೊಳ್ಳುವುದಿಲ್ಲ. ದಕ್ಷಿಣಾರ್ಧಗೋಳದ ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಸುಮಾರು ಒಂಬತ್ತು ಗಂಟೆ. ಕತ್ತಲಾದ ಮೇಲೆ ಅಂಕುಡೊಂಕಿನ ದಾರಿಯಲ್ಲಿ ಊರಿಗೆ ಮರಳಿ ಊಟ ಹುಡುಕುವುದಕ್ಕಿಂತ, ಊಟವನ್ನೂ ಹಾಸಿಗೆಯನ್ನೂ ಜೊತೆಗೇ ಒಯ್ಯುವುದು ಮೇಲೆಂದು ನಮಗೆ ತೋರಿತು. ಹಾಗಾಗಿ ಒಳಗೇ ಅಡುಗೆ ಮಾಡಿ ಮಲಗಬಹುದಾದ ಕ್ಯಾಂಪರ್‌ವ್ಯಾನನ್ನು ಬಾಡಿಗೆಗೆ ಪಡೆಯಲು ನಿರ್ಧರಿಸಿದೆವು.

ದೊಡ್ಡ ಬಾಡಿಗೆ ಕಂಪನಿಗಳ ಡಿಪೋಗಳು ಹೆಚ್ಚಾಗಿರುವುದು ಕ್ರೈಸ್ಟ್‌ಚರ್ಚ್‌ನಲ್ಲಿ. ಅಲ್ಲಿಂದ ಡನೀಡಿನ್‌ಗೆ ರಾಷ್ಟ್ರೀಯ ಹೆದ್ದಾರಿ 1ರಲ್ಲಿ ಸುಮಾರು 360 ಕಿ.ಮೀ. ದೂರ. ವ್ಯಾನನ್ನು ಅಲ್ಲಿಯೇ ಪಡೆದು ಅಲ್ಲಿಯೇ ಹಿಂತಿರುಗಿಸಿದರೆ ಒಮ್ಮುಖ ಪ್ರಯಾಣದ ಹೆಚ್ಚುವರಿ ಶುಲ್ಕ ತಪ್ಪುತ್ತದೆ, ದಾರಿಯ ಓಮರೂ ಮತ್ತು ಮೋಯೆರಾಕಿಗಳೂ ಸಿಗುತ್ತವೆ. ಭಾರತದಲ್ಲಿ ಪಡೆದ ಲೈಸೆನ್ಸು ಇಂಗ್ಲಿಷಿನಲ್ಲಿದ್ದರೆ ಪ್ರವಾಸಿಗರಿಗೆ ಸಾಕಾಗುತ್ತದೆ. ರಸ್ತೆಯ ಎಡಬದಿಯಲ್ಲಿ ಓಡಿಸುವುದೂ ನಮಗೆ ಹೊಸದಲ್ಲ.

ವ್ಯಾನನ್ನು ಆರಿಸುವಾಗ ಬಾಡಿಗೆಯ ದರಕ್ಕಿಂತ ಮೊದಲು ನಾನು ನೋಡಿದ್ದು ಶೌಚಾಲಯವನ್ನು. ಅಧಿಕೃತ ಕ್ಯಾಂಪ್‌ಸೈಟುಗಳ ಹೊರಗೆ ಸಾರ್ವಜನಿಕ ಜಾಗದಲ್ಲಿ ವಾಹನ ನಿಲ್ಲಿಸಿ ಮಲಗುವುದನ್ನು ಅಲ್ಲಿ ‘ಫ್ರೀಡಂ ಕ್ಯಾಂಪಿಂಗ್’ ಎನ್ನುತ್ತಾರೆ. 2011ರ ಕಾಯ್ದೆ ಇದನ್ನು ನಿಯಂತ್ರಿಸುತ್ತದೆ, 2023ರ ತಿದ್ದುಪಡಿಯು ಇನ್ನಷ್ಟು ಬಿಗಿ ಮಾಡಿತು. ಅದರ ಪ್ರಕಾರ ‘ಸೆಲ್ಫ್ ಕಂಟೇನ್ಡ್’ (ನೀರು, ಶೌಚದ ವ್ಯವಸ್ಥೆ ತನ್ನೊಳಗೇ ಇರುವ ವಾಹನ) ಎಂಬ ಪ್ರಮಾಣಪತ್ರ ಪಡೆಯಬೇಕಾದರೆ ವಾಹನದೊಳಗೆ ಶೌಚಾಲಯವನ್ನು ಶಾಶ್ವತವಾಗಿ ಜೋಡಿಸಿರಬೇಕು. ಸೀಟಿನ ಕೆಳಗಿಂದ ಎಳೆದು ಹೊರತೆಗೆಯುವ ಡಬ್ಬಿ ಲೆಕ್ಕಕ್ಕೆ ಬರುವುದಿಲ್ಲ. ಗಾಜಿನ ಮೇಲೆ ಹಸಿರು ಪ್ರಮಾಣಪತ್ರವಿಲ್ಲದ ವಾಹನ ತಪ್ಪು ಜಾಗದಲ್ಲಿ ರಾತ್ರಿ ಕಳೆದರೆ ದಂಡ ನೂರಾರು ನ್ಯೂಜಿಲೆಂಡ್ ಡಾಲರುಗಳಲ್ಲಿರುತ್ತದೆ. ಅಗ್ಗದ ವ್ಯಾನುಗಳು ಅಗ್ಗವಾಗಿರುವುದಕ್ಕೆ ಹಲವು ಸಲ ಕಾರಣ ಇದೇ ಆಗಿರುತ್ತದೆ.

ಎರಡನೆಯ ಪ್ರಶ್ನೆ ಪೆಟ್ರೋಲೋ ಡೀಸೆಲೋ ಎಂಬುದು. ಬಂಕಿನಲ್ಲಿ ಡೀಸೆಲಿನ ಬೆಲೆ ಕಡಿಮೆಯೆಂದು ಕಂಡರೂ ಅದರಲ್ಲಿ ರಸ್ತೆಯ ತೆರಿಗೆ ಸೇರಿರುವುದಿಲ್ಲ. ಡೀಸೆಲ್ ವಾಹನಗಳು ಓಡಿದ ಕಿಲೋಮೀಟರಿಗೆ ತಕ್ಕಂತೆ ಬೇರೆಯೇ ರಸ್ತೆ ಬಳಕೆ ಶುಲ್ಕ ಕಟ್ಟಬೇಕು. ನಾವು ಹೋದಾಗ ಹಗುರ ವಾಹನಗಳಿಗೆ ಸರ್ಕಾರಿ ದರ 1000 ಕಿ.ಮೀ.ಗೆ 76 ಡಾಲರ್ ಇತ್ತು, ಬಾಡಿಗೆ ಕಂಪನಿಗಳು ವ್ಯಾನು ಹಿಂತಿರುಗಿಸುವಾಗ ಮೀಟರ್ ನೋಡಿ ಇದನ್ನು ವಸೂಲಿ ಮಾಡುತ್ತವೆ. ಈ ಮೊತ್ತವನ್ನೂ ಕೂಡಿಸಿ ಹೋಲಿಸಿದ ಬಳಿಕವೇ ನಾನು ಒಳಗೆ ನೆಟ್ಟಗೆ ನಿಲ್ಲಬಹುದಾದ, ಇಬ್ಬರು ಮಲಗಬಹುದಾದ ಎತ್ತರದ ಡೀಸೆಲ್ ವ್ಯಾನನ್ನು ಆರಿಸಿದೆ. ಮಳೆ ಹಿಡಿದ ದಿನ ಒಳಗೆ ಸೊಂಟ ಬಗ್ಗಿಸಿಕೊಂಡೇ ಅಡುಗೆ ಮಾಡಬೇಕಾದರೆ ಪ್ರವಾಸದ ಉತ್ಸಾಹ ಬೇಗ ಬತ್ತುತ್ತದೆ.

ವಿಮೆಯ ಪತ್ರದಲ್ಲಿ ‘ಏನೇನು ಸೇರಿಲ್ಲ’ ಎಂಬ ಭಾಗವನ್ನು ಬೆಂಗಳೂರಿನಲ್ಲಿ ಕುಳಿತೇ ಓದಿಕೊಂಡಿದ್ದೆ. ಸಾಮಾನ್ಯವಾಗಿ ಚಾವಣಿಗೆ ಮತ್ತು ವಾಹನದ ತಳಕ್ಕೆ ಆದ ಹಾನಿ, ಮರಳಿನಲ್ಲಿ ಹೂತುಹೋದರೆ ಎಳೆಸುವ ಖರ್ಚು, ತಪ್ಪು ಇಂಧನ ತುಂಬಿಸಿದ ಖರ್ಚು ಇವೆಲ್ಲ ಬಾಡಿಗೆದಾರನ ತಲೆಯ ಮೇಲೆಯೇ. ಜಲ್ಲಿರಸ್ತೆಗಳ ಬಗ್ಗೆ ಪ್ರತಿ ಕಂಪನಿಗೂ ಅದರದೇ ನಿಯಮವಿರುತ್ತದೆ. ಡನೀಡಿನ್ ಸುತ್ತಮುತ್ತಲ ಕೆಲವು ಒಳ್ಳೆಯ ಕಡಲತೀರಗಳಿಗೆ ಹೋಗುವ ಕೊನೆಯ ತುಂಡು ಜಲ್ಲಿರಸ್ತೆಯೇ ಆಗಿರುವುದರಿಂದ, ಅದಕ್ಕೆ ಅನುಮತಿ ಇದೆಯೆಂದು ಬರವಣಿಗೆಯಲ್ಲಿ ಪಡೆದುಕೊಂಡೆ.

ಡಿಪೋದಲ್ಲಿ ನಮಗೆ ವ್ಯಾನು ಒಪ್ಪಿಸುವಾಗ ಅಲ್ಲಿನ ಸಿಬ್ಬಂದಿ ಹೇಳುವ ಮಾತುಗಳನ್ನು ನನ್ನ ಪತ್ನಿ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡಳು. ಯಾರಿಗಾದರೂ ನಾನು ಮೊದಲು ಹೇಳುವ ಕಿವಿಮಾತು ಇದೇ. ಅಷ್ಟು ಗುಂಡಿಗಳು ಒಂದೇ ಸಲಕ್ಕೆ ನೆನಪಿನಲ್ಲಿ ಉಳಿಯುವುದಿಲ್ಲ. ವ್ಯಾನಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ: ಒಂದು ಎಂಜಿನ್ನಿಗೆ, ಇನ್ನೊಂದು ಒಳಗಿನ ದೀಪ, ಫ್ರಿಜ್ಜು ಮತ್ತು ನೀರಿನ ಪಂಪಿಗೆ. ಎರಡನೆಯದು ಗಾಡಿ ಓಡುವಾಗ, ಅಥವಾ ವಿದ್ಯುತ್ ಸೌಲಭ್ಯವಿರುವ ಕ್ಯಾಂಪ್‌ಸೈಟಿನಲ್ಲಿ ಹೊರಗಿನ ಕೇಬಲ್ ಜೋಡಿಸಿದಾಗ ಚಾರ್ಜ್ ಆಗುತ್ತದೆ. ನಮ್ಮ ವ್ಯಾನಿನಲ್ಲಿ ಗೋಡೆಯ 230 ವೋಲ್ಟ್ ಪ್ಲಗ್ಗುಗಳಿಗೆ ಜೀವ ಬರುತ್ತಿದ್ದುದು ಆ ಕೇಬಲ್ ಜೋಡಿಸಿದಾಗ ಮಾತ್ರ. ಮಿಕ್ಸಿಯನ್ನೋ ರೈಸ್ ಕುಕ್ಕರನ್ನೋ ನಂಬಿಕೊಂಡು ಹೋಗುವ ಕನ್ನಡ ಕುಟುಂಬಗಳು ಇದನ್ನು ಮೊದಲೇ ತಿಳಿದಿರಬೇಕು. ನಾವು ಒಂದು ರಾತ್ರಿ ವಿದ್ಯುತ್ ಇರುವ ಜಾಗದಲ್ಲಿ, ಮುಂದಿನ ಒಂದೆರಡು ರಾತ್ರಿ ಇಲ್ಲದ ಜಾಗದಲ್ಲಿ ಎಂದು ಸರದಿ ಹಾಕಿಕೊಂಡೆವು. ಕೇಬಲ್ ಸಿಕ್ಕ ರಾತ್ರಿ ಕ್ಯಾಂಪ್‌ಸೈಟಿನ ಸಾಮೂಹಿಕ ಅಡುಗೆಮನೆಯಲ್ಲಿ ಚಟ್ನಿ, ಪಲ್ಯಗಳನ್ನು ಹೆಚ್ಚಾಗಿಯೇ ಮಾಡಿ ಫ್ರಿಜ್ಜಿನಲ್ಲಿಡುತ್ತಿದ್ದೆವು; ಮರುದಿನ ವ್ಯಾನಿನ ಗ್ಯಾಸಿನಲ್ಲಿ ಅನ್ನ ಮಾಡಿ ಸಾರು ಬಿಸಿ ಮಾಡಿದರೆ ಸಾಕಾಗುತ್ತಿತ್ತು. ವ್ಯಾನಿನೊಳಗೆ ಒಗ್ಗರಣೆ ಹಾಕುವುದನ್ನು ಮಾತ್ರ ನಿಷೇಧಿಸಿದ್ದೆವು, ಏಕೆಂದರೆ ಇಂಗು, ಸಾಸಿವೆಯ ವಾಸನೆ ಹೊದಿಕೆಗೆ ಅಂಟಿಕೊಂಡರೆ ತಲೆದಿಂಬಿನಿಂದಲೂ ಹೋಗುವುದಿಲ್ಲ. ಊರಿನಿಂದ ಒಯ್ಯುವ ಸಾರಿನಪುಡಿ, ಬೇಳೆಗಳನ್ನು ವಿಮಾನ ನಿಲ್ದಾಣದ ಫಾರಂನಲ್ಲಿ ತಪ್ಪದೆ ನಮೂದಿಸಬೇಕು. ಘೋಷಿಸಿದ ವಸ್ತುವನ್ನು ಅವರು ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಅಪಾಯಕಾರಿಯೆಂದು ಪಟ್ಟಿಯಲ್ಲಿರುವುದನ್ನು ಘೋಷಿಸದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ.

ನೀರಿನ ಲೆಕ್ಕ ಕರೆಂಟಿಗಿಂತ ಕಟ್ಟುನಿಟ್ಟಾದುದು. ಶುದ್ಧ ನೀರಿನ ತೊಟ್ಟಿ ಖಾಲಿಯಾದಷ್ಟೂ ಬಳಸಿದ ನೀರಿನ ತೊಟ್ಟಿ ತುಂಬುತ್ತಾ ಹೋಗುತ್ತದೆ, ಅದನ್ನು ನೆಲಕ್ಕೆ ಚೆಲ್ಲುವಂತಿಲ್ಲ. ತಟ್ಟೆಗಳನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆದರೆ ನೀರು ಅರ್ಧಕ್ಕಿಂತಲೂ ಕಡಿಮೆ ಸಾಕು. ಶೌಚಾಲಯದ ಕೆಳಗಿನ ಕ್ಯಾಸೆಟ್ ಎಂಬ ತೊಟ್ಟಿಯನ್ನು ವ್ಯಾನಿನ ಹೊರಮೈಯ ಸಣ್ಣ ಬಾಗಿಲಿನಿಂದ ಎಳೆದು, ‘ಡಂಪ್ ಸ್ಟೇಷನ್’ ಎಂಬ ನಿಗದಿತ ಜಾಗದಲ್ಲಿ ಬರಿದು ಮಾಡಬೇಕು. ಇದನ್ನು ಯಾರೂ ಸಂತೋಷದಿಂದ ಮಾಡುವುದಿಲ್ಲ, ಆದರೆ ವಿಧಾನ ಗೊತ್ತಿದ್ದರೆ ಐದು ನಿಮಿಷದ ಕೆಲಸ. ಕೊಳವೆಯ ಬಾಯನ್ನು ಹೊರಕ್ಕೆ ತಿರುಗಿಸಿ, ತೊಟ್ಟಿಯನ್ನು ಓರೆ ಮಾಡಿದ ಮೇಲೆ ಹಿಡಿಯ ಬಳಿಯ ಗಾಳಿಗುಂಡಿಯನ್ನು ಒತ್ತಿ ಹಿಡಿಯಬೇಕು. ಒತ್ತಿದರೆ ಒಂದೇ ಧಾರೆಯಾಗಿ ಸುರಿಯುತ್ತದೆ, ಒತ್ತದಿದ್ದರೆ ಗಳಗಳನೆ ಉಕ್ಕಿ ಪ್ಯಾಂಟಿನ ಮೇಲೆ ಚಿಮ್ಮುತ್ತದೆ. ಆಮೇಲೆ ನೀರು ಹಾಕಿ ಎರಡು ಸಲ ಅಲುಗಿಸಿ ತೊಳೆದು, ನೀಲಿ ದ್ರಾವಣವನ್ನು ಅಳತೆಯಷ್ಟು ಹಾಕಿ ಒಳಕ್ಕೆ ತಳ್ಳಿದರೆ ಮುಗಿಯಿತು. ಈ ಜಾಗಗಳೆಲ್ಲ ಕ್ಯಾಂಪರ್‌ಮೇಟ್ ಆ್ಯಪಿನಲ್ಲಿ ಸಿಗುತ್ತವೆ.

ದಾರಿಯ ಬಗ್ಗೆ ಹೇಳಬೇಕಾದುದು ಕಡಿಮೆ. ಹೆದ್ದಾರಿಯ ವೇಗಮಿತಿ 100 ಕಿ.ಮೀ. ಎಂದಿದ್ದರೂ ಎತ್ತರದ ವ್ಯಾನನ್ನು ನಾನು 85–90ರಲ್ಲೇ ಓಡಿಸಿದೆ, ಹಿಂದೆ ಸಾಲು ಬೆಳೆದಾಗ ಬದಿಗೆ ಸರಿದು ಬಿಟ್ಟುಕೊಟ್ಟೆ. ಒಂದೇ ವಾಹನ ಹಿಡಿಸುವ ಸೇತುವೆಗಳಲ್ಲಿ ಫಲಕದ ಬಾಣಗಳನ್ನು ನೋಡಬೇಕು: ನಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪಾಗಿದ್ದರೆ ನಿಂತು ದಾರಿ ಬಿಡಬೇಕಾದವರು ನಾವು. ನಿಲ್ಲಿಸುವಾಗಲೂ ವಾಹನದ ಮುಖ ಸಂಚಾರದ ದಿಕ್ಕಿಗೇ ಇರಬೇಕು; ರಸ್ತೆ ದಾಟಿ ಎದುರು ಬದಿಯಲ್ಲಿ ನಿಲ್ಲಿಸುವ ನಮ್ಮೂರಿನ ರೂಢಿಗೆ ಅಲ್ಲಿ ದಂಡ ಬೀಳುತ್ತದೆ.

ಮೋಯೆರಾಕಿಯ ಗುಂಡುಕಲ್ಲುಗಳಿರುವ ಕೊಯೆಕೊಹೆ ಕಡಲತೀರ ಡನೀಡಿನ್‌ಗೆ ಸುಮಾರು 75 ಕಿ.ಮೀ. ಮೊದಲೇ ಸಿಗುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರತಳದ ಕೆಸರಿನಲ್ಲಿ ಕ್ಯಾಲ್ಸೈಟ್ ಎಂಬ ಖನಿಜ ಸುತ್ತಿಕೊಳ್ಳುತ್ತಾ ಬೆಳೆದ ಈ ಗೋಳಗಳಲ್ಲಿ ದೊಡ್ಡವು ಎರಡು ಮೀಟರ್ ಅಗಲ ಇವೆ. ಒಂದೊಂದು ದೊಡ್ಡ ಗೋಳ ಬೆಳೆಯಲು ಸುಮಾರು 40 ಲಕ್ಷ ವರ್ಷ ಅಥವಾ ಅದಕ್ಕೂ ಹೆಚ್ಚು ಹಿಡಿದಿದೆ ಎಂದು ಭೂವಿಜ್ಞಾನಿಗಳು ಅಂದಾಜಿಸಿದ್ದಾರೆ. ಇಳಿತದ ವೇಳೆ ನಸುಕಿಗೆ ಬಿದ್ದಿದ್ದರಿಂದ ನಾವು ಹಿಂದಿನ ರಾತ್ರಿ ಹತ್ತಿರದಲ್ಲೇ ತಂಗಿ, ಪ್ರವಾಸಿ ಬಸ್ಸುಗಳು ಬರುವ ಮುನ್ನವೇ ಕಲ್ಲುಗಳ ನಡುವೆ ಓಡಾಡಿದೆವು. ವ್ಯಾನಿನ ಬಾಡಿಗೆ ಸಾರ್ಥಕವಾಯಿತೆಂದು ನನಗೆ ಮೊದಲ ಸಲ ಅನಿಸಿದ್ದು ಅಲ್ಲಿ.

ಡನೀಡಿನ್ ನಗರದೊಳಗೆ ಮಾತ್ರ ವ್ಯಾನು ಹೊರೆಯೇ. ಊರು ಕಡಿದಾದ ಗುಡ್ಡಗಳ ಮೇಲಿದೆ. ಅಲ್ಲಿನ ಬಾಲ್ಡ್‌ವಿನ್ ಬೀದಿಯ ಏರು ಸುಮಾರು 35 ಶೇಕಡ. 2019ರಲ್ಲಿ ವೇಲ್ಸಿನ ಬೀದಿಯೊಂದಕ್ಕೆ ಬಿಟ್ಟುಕೊಟ್ಟಿದ್ದ ‘ಜಗತ್ತಿನ ಅತ್ಯಂತ ಕಡಿದಾದ ಬೀದಿ’ ಎಂಬ ಗಿನ್ನೆಸ್ ಬಿರುದನ್ನು 2020ರಲ್ಲಿ ಅದು ಮರಳಿ ಪಡೆಯಿತು. ಅದರ ಮೇಲ್ಭಾಗಕ್ಕೆ ಹಾಕಿರುವುದು ಡಾಂಬರಲ್ಲ, ಕಾಂಕ್ರೀಟು. ಅಷ್ಟು ಇಳಿಜಾರಿನಲ್ಲಿ ಬಿಸಿಲಿಗೆ ಡಾಂಬರು ಕೆಳಗಿಳಿದುಬಿಡುತ್ತದೆಯಂತೆ. ನಾವು ವ್ಯಾನನ್ನು ಹಾರ್ಬರಿನಾಚೆ ಪೋರ್ಟೊಬೆಲ್ಲೊ ಊರಿನ ಕ್ಯಾಂಪ್‌ಸೈಟಿನಲ್ಲಿಯೇ ಬಿಟ್ಟು, 18ನೇ ನಂಬರಿನ ಬಸ್ಸಿನಲ್ಲಿ ನಗರಕ್ಕೆ ಹೋಗಿಬಂದೆವು. 1906ರ ರೈಲು ನಿಲ್ದಾಣದ ಪಕ್ಕದಲ್ಲಿ ಶನಿವಾರ ಬೆಳಿಗ್ಗೆ ರೈತರ ಸಂತೆ ನಡೆಯುತ್ತದೆ. ಮುಂದಿನ ದಿನಗಳ ತರಕಾರಿ, ಹಣ್ಣು ಅಲ್ಲಿಂದಲೇ ಬಂದವು.

ಒಟಾಗೊ ಪರ್ಯಾಯದ್ವೀಪದ ತುದಿಯಲ್ಲಿರುವ ತೈಯಾರೋವಾ ಹೆಡ್‌ಗೆ ಹೋಗುವ ದಾರಿ ನೀರಿನ ಅಂಚಿಗೇ ಅಂಟಿಕೊಂಡು ಸಾಗುತ್ತದೆ. ಆಗುಂಬೆ ಘಾಟಿಯಲ್ಲಿ ಎದುರು ಬಸ್ಸಿಗೆ ದಾರಿ ಬಿಟ್ಟು ರೂಢಿಯಿರುವವರಿಗೆ ಇದು ಕಷ್ಟವೆನಿಸದು, ಆದರೆ ಕತ್ತಲಲ್ಲಿ ಅಗಲದ ವ್ಯಾನನ್ನು ಇಲ್ಲಿ ಓಡಿಸುವುದು ನನಗೆ ಬೇಡವಾಗಿತ್ತು. ಜನವಸತಿಯಿರುವ ಮುಖ್ಯ ದ್ವೀಪದ ನೆಲದಲ್ಲಿ ರಾಯಲ್ ಅಲ್ಬಟ್ರಾಸ್‌ಗಳು ಗೂಡು ಕಟ್ಟುವುದು ಈ ಭೂಶಿರದಲ್ಲಿ ಮಾತ್ರ. ಡನೀಡಿನ್‌ನ ಪಕ್ಷಿಶಾಸ್ತ್ರಜ್ಞ ಲ್ಯಾನ್ಸ್ ರಿಚ್‌ಡೇಲ್ ಅವರು ಕಾವಲಿದ್ದು ಕಾಪಾಡಿದ ಫಲವಾಗಿ 1938ರಲ್ಲಿ ಮೊದಲ ಮರಿ ಇಲ್ಲಿಂದ ಹಾರಿತು. ಮೂರು ಮೀಟರಿನಷ್ಟು ರೆಕ್ಕೆಯಗಲದ ಈ ಹಕ್ಕಿ ಗಾಳಿಯಿಲ್ಲದ ದಿನ ನೆಲಬಿಟ್ಟು ಏಳುವುದೇ ಅಪರೂಪ. ಹೀಗಾಗಿ ಬೆಳಿಗ್ಗೆ ಶಾಂತವಾಗಿದ್ದರೆ ಪೋರ್ಟೊಬೆಲ್ಲೊದಲ್ಲೇ ಕಾದಿದ್ದು, ಗಾಳಿ ಎದ್ದ ಮಧ್ಯಾಹ್ನ ಹೊರಡುತ್ತಿದ್ದೆವು. ಹಕ್ಕಿಗೆ ಬೇಕಾದ ಗಾಳಿಯೇ ವ್ಯಾನಿಗೆ ವೈರಿ. ಭೂಶಿರದ ಪಾರ್ಕಿಂಗಿನಲ್ಲಿ ನಾನು ಇಳಿಯಹೊರಟಾಗ ಪತ್ನಿ ಒಳಗಿನಿಂದಲೇ, “ಬಾಗಿಲು ಬಿಡ್ಬೇಡಿ, ಗಾಳಿ ಕಿತ್ಕೊಂಡು ಹೋಗುತ್ತೆ” ಎಂದು ಕೂಗಿದಳು. ಎರಡೂ ಕೈಯಲ್ಲಿ ಹಿಡಿದರೂ ಬಾಗಿಲು ಕೀಲಿನಲ್ಲಿ ಕಿರುಗುಟ್ಟಿತು. ಗಾಳಿಗೆ ಮುರಿದ ಬಾಗಿಲಿಗೆ ವಿಮೆ ಸಿಗದಿರುವುದೂ ಉಂಟು, ಆದ್ದರಿಂದ ವ್ಯಾನಿನ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸುವುದು ಒಳ್ಳೆಯದು.

ಹಳದಿ ಕಣ್ಣಿನ ಪೆಂಗ್ವಿನ್, ಮಾವೊರಿ ಜನರ ಹೊಯ್ಹೊ, ಐದು ಡಾಲರ್ ನೋಟಿನ ಮೇಲೆ ಕಾಣುವ ಹಕ್ಕಿ. ನಿಜವಾದದ್ದನ್ನು ಕಾಣುವುದು ಈಗ ವರ್ಷದಿಂದ ವರ್ಷಕ್ಕೆ ದುರ್ಲಭವಾಗುತ್ತಿದೆ. ಮರಳಿನ ಮೇಲೆ ಮನುಷ್ಯ ಕಂಡರೆ ಅದು ನೀರಿನಿಂದ ಹೊರಗೇ ಬರುವುದಿಲ್ಲ, ಗೂಡಿನಲ್ಲಿರುವ ಮರಿ ಹಸಿದಿರುತ್ತದೆ. ಆದ್ದರಿಂದ ಇಳಿಹೊತ್ತಿಗೆ ತೀರ ಬಿಟ್ಟು ಮರೆಗೂಡುಗಳಿಂದ ಮಾತ್ರ ನೋಡಬೇಕು. ಕಡಲಸಿಂಹಗಳ ಕಥೆ ಇದಕ್ಕೆ ವಿರುದ್ಧ. ಒಂದು ಕಾಲಕ್ಕೆ ಬೇಟೆಯಿಂದಾಗಿ ಈ ಕರಾವಳಿಯಿಂದಲೇ ಮರೆಯಾಗಿದ್ದ ಅವು, 1993–94ರ ಬೇಸಿಗೆಯಲ್ಲಿ ಒಂದು ಹೆಣ್ಣು ಇಲ್ಲಿ ಮರಿ ಹಾಕಿದ ಬಳಿಕ ಮತ್ತೆ ಬೆಳೆದಿವೆ. 2021ರಲ್ಲಿ ತಾಯಿಯೊಂದು ನಗರದ ಗಾಲ್ಫ್ ಮೈದಾನದಲ್ಲಿ ಮರಿಯೊಡನೆ ನೆಲೆಸಿದಾಗ, ಅವು ಸಮುದ್ರಕ್ಕೆ ದಾಟಲೆಂದು ಪಾಲಿಕೆಯು ತೀರದ ರಸ್ತೆಯನ್ನೇ ಒಂದು ತಿಂಗಳು ಮುಚ್ಚಿತ್ತು. ಸ್ಯಾಂಡ್‌ಫ್ಲೈ ಬೇ ಎಂಬಲ್ಲಿ ನಾವು ದಿಮ್ಮಿಯೆಂದುಕೊಂಡದ್ದು ಮರಳು ಎರಚಿಕೊಂಡು ಆಕಳಿಸಿದಾಗಲೇ ಪ್ರಾಣಿಯೆಂದು ತಿಳಿದದ್ದು. ಕನಿಷ್ಠ 20 ಮೀಟರ್ ದೂರವಿರಬೇಕು, ಅದಕ್ಕೂ ಸಮುದ್ರಕ್ಕೂ ನಡುವೆ ಎಂದೂ ನಿಲ್ಲಬಾರದು. ಮರಳುದಿಬ್ಬ ಇಳಿಯುವಾಗ ಖುಷಿ, ಹತ್ತುವಾಗ ಕಾಲು ಸೋಲುತ್ತದೆ.

ಸಮಯವಿದ್ದವರು ದಕ್ಷಿಣಕ್ಕೆ ಕ್ಯಾಟ್ಲಿನ್ಸ್ ಎಂಬ ಕರಾವಳಿ ಪ್ರದೇಶದವರೆಗೂ ಹೋಗಬೇಕು. ದಾರಿಯ ಬಾಲ್ಕ್ಲೂಥಾದಲ್ಲಿ ದಿನಸಿ ಮತ್ತು ಡೀಸೆಲ್ ತುಂಬಿಸಿಕೊಂಡು ನಾವು 1870ರಿಂದ ಬೆಳಗುತ್ತಿರುವ ನಗೆಟ್ ಪಾಯಿಂಟ್ ದೀಪಸ್ತಂಭ ನೋಡಿದೆವು. ಪುರಾಕೌನುಯಿ ಕೊಲ್ಲಿಯಲ್ಲಿ ಸಂರಕ್ಷಣಾ ಇಲಾಖೆಯ ಸರಳ ಕ್ಯಾಂಪ್‌ಸೈಟಿನಲ್ಲಿ ತಂಗಿದೆವು. ಕರೆಂಟಿಲ್ಲದ ಆ ಜಾಗಕ್ಕೆ ಬ್ಯಾಟರಿ ತುಂಬಿಸಿಕೊಂಡು ಹೋಗುವುದು ಲೇಸು.

ಬುಕಿಂಗ್ ವಿಷಯದಲ್ಲಿ ಒಂದು ಮಾತು. ಫೆಬ್ರವರಿ 6ರ ವೈತಾಂಗಿ ದಿನ ಅಲ್ಲಿ ಸಾರ್ವಜನಿಕ ರಜೆ, ಆ ಸುಮಾರಿಗೆ ಕರಾವಳಿಯ ಕ್ಯಾಂಪ್‌ಸೈಟುಗಳು ಭರ್ತಿಯಾಗುತ್ತವೆ. ಶಾಲೆಗಳು ಪುನಃ ಆರಂಭವಾದ ಮೇಲಿನ ವಾರಗಳಲ್ಲಿ ಹಗಲು ಇನ್ನೂ ಉದ್ದವಿರುತ್ತದೆ, ಬಾಡಿಗೆಯೂ ಸ್ವಲ್ಪ ಇಳಿಯುತ್ತದೆ. ಹಿಂತಿರುಗಿಸುವ ಹಿಂದಿನ ಸಂಜೆಯೇ ಡಂಪ್ ಸ್ಟೇಷನ್ನಿನ ಕೆಲಸ ಮುಗಿಸಿ, ಡಿಪೋಗೆ ಹತ್ತಿರದ ಬಂಕಿನಲ್ಲಿ ಡೀಸೆಲ್ ತುಂಬಿಸಿ ರಸೀದಿ ಇಟ್ಟುಕೊಂಡು, ಮೀಟರಿನ ಫೋಟೋ ತೆಗೆದುಕೊಳ್ಳಬೇಕು. ರಸ್ತೆ ಬಳಕೆ ಶುಲ್ಕದ ಲೆಕ್ಕ ಹಾಕುವುದು ಆ ಅಂಕೆಯಿಂದಲೇ.