ನಲವತ್ತೇ ಅರ್ಜಿ, ಒಂದು ರಿಜಿಸ್ಟರು: ಕೊನೆಯ ಸೆಮಿಸ್ಟರಿನವರ ಜೊತೆ ನನ್ನ ಅನುಭವ

ಕೆಲಸ ಹುಡುಕುವ ಒಬ್ಬ ವಿದ್ಯಾರ್ಥಿಗೆ ಇಡೀ ಸೆಮಿಸ್ಟರಿಗೆ 40 ಅರ್ಜಿ ಸಾಕು ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಹೆಚ್ಚು. 300 ಹಾಕಿದವರಿಗೇ ಗತಿಯಿಲ್ಲ, 40ಕ್ಕೆ ಏನು ಗಿಟ್ಟುತ್ತದೆ ಅನ್ನುವುದು ಅವರ ವಾದ. ಈಗ ನಾಲ್ಕನೇ ಬ್ಯಾಚು ಇದೇ ಕ್ರಮದಲ್ಲಿ ಹೊರಬಿದ್ದಿದೆ. ನಕ್ಕವರಲ್ಲಿ ಇಬ್ಬರು, ಅರ್ಜಿಗಳ ಲೆಕ್ಕ ಇಡುವ ನನ್ನ ಶೀಟನ್ನೇ ಹೆಸರು ಬದಲಿಸಿ ಬಳಸುತ್ತಿದ್ದಾರೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅನ್ನುವ ಮಾತು ನಮಗೆಲ್ಲ ಬಾಯಿಪಾಠ. ಅರ್ಜಿ ಹಾಕಲು ಕೂತಾಗ ಮಾತ್ರ ನೆನಪಿಗೆ ಬರುವುದಿಲ್ಲ.

ರೆಸ್ಯೂಮೆ ಅಂದರೇನು, ಗ್ರೂಪ್ ಡಿಸ್ಕಷನ್ನಿನಲ್ಲಿ ಹೇಗೆ ಕೂರಬೇಕು ಅನ್ನುವುದೆಲ್ಲ ಇಲ್ಲಿಲ್ಲ. ಅದು ನಿಮಗೆ ಗೊತ್ತು.

ಇಡೀ ವಿಧಾನ ನಿಂತಿರುವುದು ಏಳು ಕಾಲಮ್ಮಿನ ಒಂದು ಶೀಟಿನ ಮೇಲೆ: ತಾರೀಖು, ಕಂಪನಿ ಮತ್ತು ಹುದ್ದೆ, ಎಲ್ಲಿಂದ ಗೊತ್ತಾಯಿತು, ಯಾವ ರೆಸ್ಯೂಮೆ ಕಳಿಸಿದ್ದು, ಒಳಗೆ ಯಾರಾದರೂ ಪರಿಚಯವೇ, ಏನು ಉತ್ತರ ಬಂತು, ಮುಂದಿನ ಹೆಜ್ಜೆ ಯಾವತ್ತು. ಜೀವ ಇರುವುದು ಕೊನೆಯ ಕಾಲಮ್ಮಿನಲ್ಲಿ. ಅದು ಖಾಲಿ ಬಿದ್ದ ಸಾಲು ಸತ್ತ ಸಾಲು. ಅರ್ಜಿ ಹಾಕಿ 7–8 ದಿನಕ್ಕೆ ಒಂದು ನೆನಪಿನ ಮೇಲ್, ಇನ್ನೊಂದು ಹತ್ತು ದಿನಕ್ಕೆ ಮತ್ತೊಂದು, ಅಲ್ಲಿಗೆ ಮುಗಿಯಿತು. ಮೂರನೆಯದು ಕಳಿಸಿದವರಿಗೆ ಲಾಭವಾಗಿದ್ದು ನಾನು ಕಾಣೆ.

ವಾರಕ್ಕೊಮ್ಮೆ ನಾಲ್ಕೇ ಅಂಕಿ ತೆಗೆಯಬೇಕು: ಅರ್ಜಿ ಎಷ್ಟು, ಕರೆ ಎಷ್ಟು, ಇಂಟರ್‌ವ್ಯೂ ಎಷ್ಟು, ಆಫರ್ ಎಷ್ಟು. ನೀರು ಎಲ್ಲಿ ಸೋರುತ್ತಿದೆ ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ. 15 ಅರ್ಜಿಗೆ ಒಂದೂ ಕರೆ ಬರದಿದ್ದರೆ ತಪ್ಪು ರೆಸ್ಯೂಮೆಯಲ್ಲಿದೆ, ಇಲ್ಲವೇ ಹುದ್ದೆಯ ಆಯ್ಕೆಯಲ್ಲಿದೆ. ಕರೆ ಬಂದು ಟೆಸ್ಟಿನಲ್ಲೇ ನಿಂತರೆ ಎರಡು ವಾರ ಅರ್ಜಿ ನಿಲ್ಲಿಸಿ ಲೆಕ್ಕ ಬಿಡಿಸಬೇಕು. ನಾಲ್ಕು ಇಂಟರ್‌ವ್ಯೂ ಆಗಿ ಆಫರ್ ಇಲ್ಲದಿದ್ದರೆ ರೆಸ್ಯೂಮೆಯನ್ನು ಮುಟ್ಟಲೇಬಾರದು, ಅದು ತನ್ನ ಕೆಲಸ ಮಾಡಿದೆ. ಆದರೆ ಹುಡುಗರು ಮಾಡುವುದೇ ಉಲ್ಟಾ. ಎಲ್ಲಿ ಸೋತರೂ ರೆಸ್ಯೂಮೆಯ ಫಾಂಟ್ ಬದಲಿಸುತ್ತಾ ಕೂರುತ್ತಾರೆ, ಯಾಕೆಂದರೆ ಅದು ಸುಲಭದ ಕೆಲಸ.

ಮೊದಲ ವರ್ಷ ಇದೇ ಶೀಟು ಪೂರ್ತಿ ಕೈಕೊಟ್ಟಿತು. 30 ಜನರನ್ನು ತೆಗೆದುಕೊಂಡಿದ್ದೆ, ತಲೆಗೆ ಅರ್ಧ ಗಂಟೆ ಅಂದರೂ ವಾರಕ್ಕೆ 15 ಗಂಟೆ. ನನ್ನ ಎದುರು ಕೂರುವ ಹಿಂದಿನ ರಾತ್ರಿ ಎಲ್ಲರೂ ಶೀಟು ತುಂಬುತ್ತಿದ್ದರು, ಅರ್ಧ ಸುಳ್ಳು. ಈಗ 12 ಜನ, ಮೂವರ ನಾಲ್ಕು ಗುಂಪು, ಒಬ್ಬರ ಶೀಟನ್ನು ಇನ್ನೊಬ್ಬರು ಕೇಳಿ ಕೇಳಿ ತುಂಬಬೇಕು. ಗೆಳೆಯ ಎದುರು ಕೂತು "ಆ ಕಂಪನಿಗೆ ಮೇಲ್ ಹಾಕಿದ್ಯೇನೋ?" ಅಂತ ಕೇಳಿದರೆ ಸುಳ್ಳು ಹೇಳುವುದು ಕಷ್ಟ. ಇದೊಂದೇ ಬದಲಾವಣೆಯಿಂದ ಶೀಟು ನಂಬುವ ಹಾಗಾಯಿತು. ಕೊನೆಯ ಪರೀಕ್ಷೆಗೆ ಸುಮಾರು 20 ವಾರ ಇರುವಾಗ ಶುರು. 12 ವಾರಕ್ಕಿಂತ ಕಡಿಮೆ ಉಳಿದಾಗ ಶುರುಮಾಡಿದರೆ ಪ್ರಾಜೆಕ್ಟ್ ವೈವಾ ಎಲ್ಲವನ್ನೂ ನುಂಗುತ್ತದೆ.

ಅಂಕಿ ಕೇಳುವವರಿಗೆ, ನೆನಪಿನ ಮೇಲೆ ಹೇಳುತ್ತಿದ್ದೇನೆ: ಮೊದಲು ನೂರು ಅರ್ಜಿಗೆ ಮೂರೋ ನಾಲ್ಕೋ ಕರೆ. ಈಗ 40ಕ್ಕೆ ಎಂಟು ಒಂಬತ್ತು. ಅದರಲ್ಲಿ ಐದು ಇಂಟರ್‌ವ್ಯೂವರೆಗೆ ಹೋಗುತ್ತವೆ, ಒಂದೋ ಎರಡೋ ಆಫರ್. ಕಳೆದ ಬ್ಯಾಚಿನ 12ರಲ್ಲಿ 10 ಜನ ಫಲಿತಾಂಶ ಬರುವ ಮೊದಲೇ ಕೆಲಸ ಹಿಡಿದರು. ಉಳಿದಿಬ್ಬರಲ್ಲಿ ಒಬ್ಬರು ಮುಂದೆ ಓದಲು ಹೋದರು, ಇನ್ನೊಬ್ಬರದು ಸೋಲೇ.

ರೆಸ್ಯೂಮೆಯದು ಇಷ್ಟೇ. ಪಿಡಿಎಫ್ ತೆರೆದು ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ಅಲ್ಲಿ ಏನು ಕಾಣುತ್ತದೋ, ರೆಸ್ಯೂಮೆ ಓದುವ ಕಂಪನಿಯ ಸಾಫ್ಟ್‌ವೇರಿಗೂ ಹೆಚ್ಚುಕಡಿಮೆ ಅದೇ ಸಿಗುವುದು. ಎರಡು ಕಾಲಮ್ಮಿನ ಚೆಂದದ ಟೆಂಪ್ಲೇಟು ಹಾಕಿದವರದ್ದು ಹಲವು ಸಲ ಕಲಸುಮೇಲೋಗರ: ಎಡಗಡೆಯ ಕೌಶಲದ ಪಟ್ಟಿ ಬಲಗಡೆಯ ಪ್ರಾಜೆಕ್ಟಿನ ಸಾಲಿನ ಮಧ್ಯೆ ನುಗ್ಗಿರುತ್ತದೆ. ಫೋನ್ ನಂಬರನ್ನು ಚಿತ್ರದೊಳಗೆ ಹಾಕಿದ್ದರೆ ಅದು ಪೇಸ್ಟ್ ಆಗುವುದೇ ಇಲ್ಲ. ನಂಬರೇ ಇಲ್ಲದ ರೆಸ್ಯೂಮೆಗೆ ಯಾರು ಫೋನ್ ಮಾಡುತ್ತಾರೆ? ಕೌಶಲಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟುಕೊಳ್ಳುವುದೂ ಬೇಡ, ಆ ನಕ್ಷತ್ರ ಕೊಟ್ಟವರು ಯಾರು ಅಂತ ಇಂಟರ್‌ವ್ಯೂನಲ್ಲೇ ಕೇಳುತ್ತಾರೆ. ಒಂದು ಪುಟ, ಒಂದು ಕಾಲಮ್, ಫೈಲಿನ ಹೆಸರಿನಲ್ಲಿ ಸ್ವಂತ ಹೆಸರು ಮತ್ತು ಹುದ್ದೆ. "ರೆಸ್ಯೂಮೆ ಫೈನಲ್ 3" ಅನ್ನುವ ಫೈಲು ಡೌನ್‌ಲೋಡ್ ಆದ ಮೇಲೆ ಯಾರದ್ದು ಅಂತ ಗೊತ್ತಾಗುವುದಿಲ್ಲ.

ಸಾಲು ಬರೆಯುವ ಬಗೆ. ಹುಡುಗರು ತರುವುದು ಹೀಗೆ: "ಲೈಬ್ರರಿ ಮ್ಯಾನೇಜ್‌ಮೆಂಟ್ ಪ್ರಾಜೆಕ್ಟಿನಲ್ಲಿ ತಂಡದ ಸದಸ್ಯನಾಗಿ ಸಕ್ರಿಯವಾಗಿ ಭಾಗವಹಿಸಿದೆ." ನಾನು ಪೆನ್ನು ಹಿಡಿದು ಕೇಳುವುದು ಮೂರು: ನೀನು ಮಾಡಿದ್ದು ಯಾವ ಭಾಗ, ಎಷ್ಟು, ಮೊದಲು ಹೇಗಿತ್ತು? ಹತ್ತು ನಿಮಿಷ ಕೆದಕಿದ ಮೇಲೆ ಅದೇ ಸಾಲು ಹೀಗಾಗುತ್ತದೆ: "2,000 ಪುಸ್ತಕಗಳ ಹುಡುಕಾಟದ ಪುಟ ಬರೆದೆ, 6 ಸೆಕೆಂಡ್ ಹಿಡಿಯುತ್ತಿದ್ದದ್ದು 1 ಸೆಕೆಂಡಿಗೆ ಇಳಿಯಿತು." ಹುಡುಗ ಅದೇ, ಕೆಲಸವೂ ಅದೇ. ಇಂಥ ನಾಲ್ಕು ಸಾಲು ಇದ್ದರೆ ಸಾಕು. ಅಂಕಿ ಕಟ್ಟಬಾರದು, ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ದುಡ್ಡು ಹಾಳಾಗುವುದು ಇಲ್ಲೇ. ರೆಸ್ಯೂಮೆ ಬರೆದುಕೊಡುವವರಿಗೆ ಕೊಟ್ಟದ್ದು ಪೂರ್ತಿ ದಂಡ: ಎಲ್ಲರಿಗೂ ಅದೇ "ಪರಿಶ್ರಮಿ, ಉತ್ಸಾಹಿ" ಬರೆಯುತ್ತಾರೆ. ಸರ್ಟಿಫಿಕೇಟ್ ಕೋರ್ಸುಗಳಿಗೆ ಅರ್ಧ ಸೆಮಿಸ್ಟರಿನ ಫೀಸಿನಷ್ಟು ಸುರಿದವರಿದ್ದಾರೆ. ಆರು ಸರ್ಟಿಫಿಕೇಟ್ ಇದ್ದ ರೆಸ್ಯೂಮೆಗೆ ಇಂಟರ್‌ವ್ಯೂನಲ್ಲಿ ಒಂದರ ಬಗ್ಗೆಯೂ ಪ್ರಶ್ನೆ ಬರಲಿಲ್ಲ. ಅದೇ ಸಮಯದಲ್ಲಿ ಮಾಡಿಟ್ಟ ಒಂದು ಸಣ್ಣ ಕೆಲಸ, ತೆರೆದು ತೋರಿಸುವಂಥದ್ದು, ಇಪ್ಪತ್ತು ನಿಮಿಷದ ಮಾತಿಗೆ ದಾರಿ ಮಾಡಿತು. ಅಕೌಂಟ್ಸ್ ಓದಿದವರಾದರೆ ಯಾವುದಾದರೂ ಕಂಪನಿಯ ಪ್ರಕಟಿತ ವಾರ್ಷಿಕ ವರದಿ ಹಿಡಿದು ಎರಡು ಪುಟದ ವಿಶ್ಲೇಷಣೆ, ಭಾಷೆ ಓದಿದವರಾದರೆ ಅನುವಾದದ ಮೂರು ಮಾದರಿ. ಮೂರು ವಾರಾಂತ್ಯದ ಕೆಲಸ, ಖರ್ಚು ಸೊನ್ನೆ.

ಇನ್ನು ಜನ. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ ಒಂದು ವಿಷಯ ತೋರಿಸಿದ್ದರು: ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುಳಿವು ಬಂದದ್ದು ದಿನಾ ಸಿಗುವ ಆಪ್ತರಿಂದಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವವರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದಲ್ಲ. ಆದ್ದರಿಂದ ನನ್ನ ಪಟ್ಟಿಯಲ್ಲಿ ಎರಡು ಮೂರು ವರ್ಷ ಹಿಂದೆ ಪಾಸಾದ ಸೀನಿಯರ್‌ಗಳೇ ಮೊದಲು. ಅವರಿಗೆ ಒಳಗಿನ ಸಂಗತಿ ಗೊತ್ತು, ಸೋತದ್ದೂ ಇನ್ನೂ ನೆನಪಿದೆ. ದೊಡ್ಡ ಹುದ್ದೆಯವರ ಹಿಂದೆ ಬಿದ್ದು ಒಂದು ವರ್ಷ ಹಾಳು ಮಾಡಿದೆ, ಉತ್ತರವೇ ಇಲ್ಲ.

ಮೆಸೇಜು ಐದು ಸಾಲು ಮೀರಬಾರದು. ತಾನು ಯಾರು, ಅವರ ಬಗ್ಗೆ ಹೇಗೆ ತಿಳಿಯಿತು, ಅವರ ಕೆಲಸದ ಬಗ್ಗೆ ಒಂದು ನಿರ್ದಿಷ್ಟ ಪ್ರಶ್ನೆ, 15 ನಿಮಿಷ ಸಿಗಬಹುದೇ, ಧನ್ಯವಾದ. "ಸರ್, ಎನಿ ವೇಕೆನ್ಸಿ?" ಅಂತ ಕಳಿಸಿದರೆ ಅಲ್ಲಿಗೇ ಬಾಗಿಲು ಮುಚ್ಚಿತು. ಹತ್ತು ಮೆಸೇಜಿಗೆ ಮೂರು ಉತ್ತರ ಬಂದರೆ ಚೆನ್ನಾಗಿದೆ ಅಂತಲೇ ಅರ್ಥ. ಫೋನಿನಲ್ಲಿ ಕೇಳಲು ಮೂರು ಪ್ರಶ್ನೆ ಕೊಡುತ್ತೇನೆ. ಮೊದಲನೆಯದು, ಮೊದಲ ಆರು ತಿಂಗಳಲ್ಲಿ ನಿಮಗೆ ಕಷ್ಟವಾದದ್ದು ಏನು? ಎರಡನೆಯದು, ನಿಮ್ಮಲ್ಲಿ ಹೊಸಬರನ್ನು ತೆಗೆದುಕೊಳ್ಳುವಾಗ ನಿಜವಾಗಿ ಏನು ನೋಡುತ್ತಾರೆ? ಮೂರನೆಯದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕೇಳತೊಡಗಿದರೆ ಅದಕ್ಕೆ ಬೆಲೆ ಇರುವುದಿಲ್ಲ, ನನ್ನ ಹುಡುಗರಿಗೆ ಅದು ಇನ್ನೂ ಬೇಕು.

ಇಂಟರ್‌ವ್ಯೂಗೆ ನಾನು ಉತ್ತರ ಬಾಯಿಪಾಠ ಮಾಡಿಸುತ್ತಿದ್ದೆ. ತಪ್ಪು. ಪ್ರಶ್ನೆ ಸ್ವಲ್ಪ ತಿರುಗಿದರೂ ಗಾಡಿ ಹಳಿ ತಪ್ಪುತ್ತಿತ್ತು. ಈಗ ಪ್ರತಿಯೊಬ್ಬರಿಂದ ಎಂಟು ಘಟನೆ ಬರೆಸುತ್ತೇನೆ: ಸೋತದ್ದು, ಜಗಳವಾದದ್ದು, ಸಮಯ ಸಾಲದೆ ಹೋದದ್ದು, ತಾನಾಗಿ ಕಲಿತದ್ದು, ಹೀಗೆ. ಒಂದೊಂದನ್ನೂ ಎರಡು ನಿಮಿಷದೊಳಗೆ ಹೇಳಬೇಕು, ಅದರಲ್ಲಿ ಮುಕ್ಕಾಲು ಭಾಗ ತಾನು ಏನು ಮಾಡಿದೆ ಅನ್ನುವುದಕ್ಕೇ. ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಎಂಟರಲ್ಲಿ ಒಂದಕ್ಕೆ ಬಂದು ಕೂರುತ್ತವೆ. ಇದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮೊದಲು ಸದ್ದು ಬಂದ್ ಮಾಡಿ ನೋಡಬೇಕು, ಆಮೇಲೆ ಚಿತ್ರ ಬಿಟ್ಟು ಬರೀ ಸದ್ದು ಕೇಳಬೇಕು. ಮೊದಲನೆಯದರಲ್ಲಿ ಕಣ್ಣು ಎಲ್ಲಿ ಓಡುತ್ತದೆ ಕಾಣುತ್ತದೆ, ಎರಡನೆಯದರಲ್ಲಿ "ಬೇಸಿಕಲಿ" ಎಷ್ಟು ಸಲ ಬಂತು ಲೆಕ್ಕ ಸಿಗುತ್ತದೆ. ಎರಡು ನಿಮಿಷಕ್ಕೆ 19 ಬಂದದ್ದು ಈವರೆಗಿನ ದಾಖಲೆ.

ನಡುನಡುವೆ ಕೆಲವು ಪ್ರಯೋಗವೂ ಆದವು. ವಿಡಿಯೊ ರೆಸ್ಯೂಮೆ: ಒಬ್ಬೊಬ್ಬರಿಗೆ ಎರಡು ದಿನ ಹಿಡಿಯಿತು, ಯಾರೂ ನೋಡಲಿಲ್ಲ. ಮೇಲ್ ಬೆಳಿಗ್ಗೆ ಕಳಿಸಬೇಕೋ ರಾತ್ರಿಯೋ: ಎರಡು ತಿಂಗಳು ಬರೆದಿಟ್ಟೆವು, ವ್ಯತ್ಯಾಸವೇ ಕಾಣಲಿಲ್ಲ. ಜಾಹೀರಾತು ಬಂದ ಮೊದಲೆರಡು ದಿನದಲ್ಲಿ ಹಾಕಿದ್ದಕ್ಕೂ ಹತ್ತು ದಿನ ಬಿಟ್ಟು ಹಾಕಿದ್ದಕ್ಕೂ ಮಾತ್ರ ಅಜಗಜಾಂತರ. ತಿರಸ್ಕಾರದ ಮೇಲಿಗೂ ಎರಡು ಸಾಲಿನ ವಿನಯದ ಉತ್ತರ ಕಳಿಸುವ ಪ್ರಯೋಗಕ್ಕೆ ನಾನೇ ನಕ್ಕಿದ್ದೆ. ಮೂರು ತಿಂಗಳ ನಂತರ ಒಂದು ಕಡೆಯಿಂದ ವಾಪಸ್ ಕರೆ ಬಂತು.

ಆಫರ್ ಬಂದಾಗ ಎಲ್ಲರೂ ದೊಡ್ಡ ಅಂಕಿಯನ್ನೇ ನೋಡುತ್ತಾರೆ. ಅದರಲ್ಲಿ ಎಷ್ಟು ಪ್ರತಿ ತಿಂಗಳು ಖಚಿತ, ಎಷ್ಟು "ಸಾಧನೆಯ ಆಧಾರದ ಮೇಲೆ", ಎಷ್ಟು ವರ್ಷದ ಕೊನೆಗೆ ಮಾತ್ರ, ಕಡಿತ ಎಷ್ಟು ಅಂತ ಬಿಡಿಸಿ, ಕೈಗೆ ಬರುವುದನ್ನು ಒಂದು ಚೀಟಿಯಲ್ಲಿ ಬರೆಯಿರಿ. ಆ ಚೀಟಿಗಳನ್ನು ಪಕ್ಕಪಕ್ಕ ಇಟ್ಟಾಗ ಚಿಕ್ಕದಾಗಿ ಕಂಡ ಆಫರೇ ಗೆದ್ದದ್ದು ಎರಡು ಸಲ. ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಅನ್ನುವ ಕರಾರು) ಇದ್ದರೆ ಎಷ್ಟು ತಿಂಗಳು, ಬಿಟ್ಟರೆ ಎಷ್ಟು ಕಟ್ಟಬೇಕು, ನೋಟಿಸ್ ಪೀರಿಯಡ್ (ಬಿಡುವ ಇಲ್ಲವೇ ಬಿಡಿಸುವ ಮುನ್ನ ತಿಳಿಸಬೇಕಾದ ಅವಧಿ) ಎರಡೂ ಕಡೆ ಸಮವೇ ಅನ್ನುವುದನ್ನು ಸಹಿಗೆ ಮೊದಲೇ ಕೇಳಿ. ಕೈಗೆ ಲಿಖಿತ ಪತ್ರ ಬರುವವರೆಗೆ ಉಳಿದ ಇಂಟರ್‌ವ್ಯೂ ಬಿಡಬೇಡಿ. ಕೆಲಸ ಕೊಡುತ್ತೇವೆ, ಮೊದಲು ಡಿಪಾಸಿಟ್ ಕಟ್ಟಿ ಅಂದರೆ ಅದು ಮೋಸ, ಮಾತು ಬೆಳೆಸುವುದೇ ಬೇಡ.

ಮೊದಲ ತಿಂಗಳುಗಳಲ್ಲಿ ಹುಡುಗರು ಕುಸಿಯುವುದು ಕೆಲಸದಲ್ಲಲ್ಲ, ಕಾಸಿನಲ್ಲಿ. ಸೇರಿದ ದಿನದಿಂದ ಮೊದಲ ಸಂಬಳಕ್ಕೆ 30ರಿಂದ 45 ದಿನ ಆಗಬಹುದು. ಅಷ್ಟರಲ್ಲಿ ಮನೆಯ ಮುಂಗಡ, ಬಾಡಿಗೆ, ಓಡಾಟ, ಬಟ್ಟೆ ಎಲ್ಲ ಕೈಯಿಂದಲೇ. ಎರಡು ತಿಂಗಳ ಖರ್ಚು ಮತ್ತು ಮುಂಗಡ ಕೈಯಲ್ಲಿರಬೇಕು ಅಂತ ನಾನು ಪರೀಕ್ಷೆಗೆ 20 ವಾರ ಇರುವಾಗಿನಿಂದಲೇ ಹೇಳುತ್ತೇನೆ. ಇಲ್ಲದವರು ಕ್ರೆಡಿಟ್ ಕಾರ್ಡ್ ಉಜ್ಜುತ್ತಾರೆ. ತಿಂಗಳಿಗೆ ಶೇ. 3 ಬಡ್ಡಿ ಅಂದರೆ ಸಣ್ಣದಾಗಿ ಕೇಳಿಸುತ್ತದೆ. ಚಕ್ರಬಡ್ಡಿ ಹಾಕಿದರೆ ವರ್ಷಕ್ಕೆ ಶೇ. 42 ದಾಟುತ್ತದೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ನಾನು ಬರೆಯುವುದಿಲ್ಲ, ಅವರ ಕ್ಯಾಲ್ಕುಲೇಟರಿನಲ್ಲಿ ಅವರಿಂದಲೇ ಹನ್ನೆರಡು ಸಲ 1.03ರ ಗುಣಾಕಾರ ಮಾಡಿಸುತ್ತೇನೆ.

ಉಳಿತಾಯಕ್ಕೂ ಒಂದೇ ಲೆಕ್ಕ. ವರ್ಷಕ್ಕೆ ಶೇ. 8ರ ದರ ಹಿಡಿದು, ತಿಂಗಳು ತಿಂಗಳು ಒಂದೇ ಮೊತ್ತ 40 ವರ್ಷ ಹಾಕಿದರೆ ಆ ಕಂತಿನ ಸುಮಾರು 3,490 ಪಟ್ಟು ಆಗುತ್ತದೆ. ಹತ್ತು ವರ್ಷ ತಡವಾಗಿ ಶುರುಮಾಡಿ 30 ವರ್ಷ ಹಾಕಿದರೆ 1,490 ಪಟ್ಟು ಮಾತ್ರ. ಹಾಕಿದ ಕಂತು ಕಾಲುಭಾಗ ಕಡಿಮೆ, ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ. ಆದರೆ ಮೊದಲ ಸಂಬಳದಿಂದಲೇ ಇದಕ್ಕೆ ಇಳಿಯಬೇಡಿ. ಮೊದಲು ಹೆಚ್ಚು ಬಡ್ಡಿಯ ಸಾಲ ತೀರಲಿ, ಮೂರು ತಿಂಗಳ ಖರ್ಚು ಪಕ್ಕಕ್ಕೆ ಬೀಳಲಿ.

ಕಾಲೇಜು ಬಿಡುವ ಮುನ್ನ ಮೂರು ಕೆಲಸ ಬಾಕಿ. ಶಿಫಾರಸು ಪತ್ರವನ್ನು ಪ್ರಾಜೆಕ್ಟ್ ಗೈಡ್ ಹತ್ತಿರ ಕೊನೆಯ ತಿಂಗಳಲ್ಲೇ ಕೇಳಿ, ನೀವು ಮಾಡಿದ್ದರ ಅರ್ಧ ಪುಟದ ಪಟ್ಟಿ ಜೊತೆಗೆ ಕೊಡಿ. ವರ್ಷ ಕಳೆದು ಕೇಳಿದರೆ ನಿಮ್ಮ ಮುಖವೂ ನೆನಪಿರುವುದಿಲ್ಲ, ಎಲ್ಲರಿಗೂ ಕೊಡುವ ಪತ್ರವೇ ಬರುತ್ತದೆ. ಮಾರ್ಕ್ಸ್ ಕಾರ್ಡು, ಗುರುತಿನ ಚೀಟಿ, ಬ್ಯಾಂಕ್ ಖಾತೆ ಎಲ್ಲದರಲ್ಲೂ ಹೆಸರಿನ ಕಾಗುಣಿತ, ಇನಿಷಿಯಲ್ ಒಂದೇ ಇದೆಯೇ ಅಂತ ಅಕ್ಷರ ಅಕ್ಷರ ತಾಳೆ ನೋಡಿ; ತಿದ್ದಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಸೇರುವ ದಿನ ಯಾರೂ ಕಾಯುವುದಿಲ್ಲ. ಇನ್ನೊಂದು, ಕಾಲೇಜಿನ ಮೇಲ್ ಐಡಿ. ಅದನ್ನು ಯಾವತ್ತಾದರೂ ಮುಚ್ಚಬಹುದು. ಅರ್ಜಿಗಳೆಲ್ಲ ಅದರಿಂದಲೇ ಹೋಗಿದ್ದರೆ ಆಫರ್ ಪತ್ರವೂ ಅಲ್ಲಿಗೇ ಬಂದು ಕೂರುತ್ತದೆ. ಎರಡು ತಿಂಗಳು ಇರುವಾಗಲೇ ಫೈಲುಗಳನ್ನು ಸ್ವಂತ ಖಾತೆಗೆ ಸಾಗಿಸಿ, ಎಲ್ಲೆಲ್ಲಿ ಆ ಐಡಿ ಕೊಟ್ಟಿದ್ದೀರೋ ಅಲ್ಲೆಲ್ಲ ಬದಲಿಸಿ. ಎಲ್ಲೆಲ್ಲಿ ಅಂತ ಹುಡುಕಾಡಬೇಕಿಲ್ಲ, ಶೀಟಿನ ಎರಡನೇ ಕಾಲಮ್ಮಿನಲ್ಲಿದೆ.